ಮಾವ ಅಜ್ಟೆಕ್ ಅರಸನಾದದ್ದು

ಮಾವ ಮೆಲ್ಬರ್ನಿನ ಹೊರವಲಯದ ಪಾಯಿಂಟ್ ಕುಕ್‌ನ ನಮ್ಮ ಮನೆಗೆ ಬಂದಾಗ ಅವರ ಮಾತು ಹೆಚ್ಚುಕಡಿಮೆ ನಿಂತುಹೋಗಿತ್ತು. ಉಡುಪಿಯಲ್ಲಿ ಬ್ಯಾಂಕಿನ ನೌಕರಿ ಮಾಡಿ ನಿವೃತ್ತರಾದವರು. ಆದರೆ ಊರಿನವರಿಗೆ ಅವರು ಗೊತ್ತಿದ್ದದ್ದು ತಾಳಮದ್ದಳೆಯ ಅರ್ಥಧಾರಿಯೆಂದು. ಮೈಸೂರಿನಲ್ಲಿ ಬೆಳೆದ ನನಗೆ ಮದುವೆಯಾಗುವವರೆಗೆ ತಾಳಮದ್ದಳೆ ಎಂದರೇನೆಂದೇ ತಿಳಿದಿರಲಿಲ್ಲ. ಯಕ್ಷಗಾನದ ಹಾಡೂ ಮದ್ದಳೆಯೂ ಇರುತ್ತವೆ, ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಎದುರುಬದುರು ಕೂತ ಇಬ್ಬರು ಅರ್ಥಧಾರಿಗಳು ಕಥೆಯ ಪಾತ್ರಗಳಾಗಿ ವಾದಕ್ಕಿಳಿಯುತ್ತಾರೆ. ಬಾಯಿಪಾಠ ಮಾಡಿದ ಮಾತು ಒಂದೂ ಇರುವುದಿಲ್ಲ. ಎದುರಿನವನು ಎಸೆದ ಪ್ರಶ್ನೆಗೆ ಆ ಕ್ಷಣದಲ್ಲೇ ಉತ್ತರ ಹುಟ್ಟಬೇಕು.

ಅರ್ಧ ಆಯುಷ್ಯವನ್ನು ಅದರಲ್ಲೇ ಕಳೆದ ಮನುಷ್ಯನಿಗೆ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಬಾಯಿ ಸೊಟ್ಟಗಾಯಿತು. ಸಣ್ಣ ಸ್ಟ್ರೋಕ್ ಎಂದರು ಡಾಕ್ಟರು. ಕೈಕಾಲು ಸರಿಹೋದವು. ನಾಲಿಗೆ ಮಾತ್ರ ಹಿಂದೆ ಬಿತ್ತು. ಹೇಳಬೇಕಾದ ಶಬ್ದ ತಲೆಯಲ್ಲಿರುತ್ತಿತ್ತು, ಬಾಯಿಗೆ ಬರಲು ತಡಮಾಡುತ್ತಿತ್ತು. ಹಾಗೆ ತಡವರಿಸುವುದನ್ನು ಯಾರೂ ನೋಡಬಾರದೆಂದು ಅವರು ಮಾತಾಡುವುದನ್ನೇ ಬಿಟ್ಟರು. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ನನ್ನ ಗಂಡ ಹೋಗಿ ಅಪ್ಪನನ್ನು ಮೆಲ್ಬರ್ನಿಗೆ ಕರೆತಂದರು.

ನಾನಾಗ ಕೆಲಸ ಬಿಟ್ಟು ಮನೆಯಲ್ಲಿದ್ದೆ. ಗಂಡ ಬೆಳಗಾಗುತ್ತಿದ್ದಂತೆ ಫ್ರೀವೇ ಹಿಡಿದು ಸಿಟಿಗೆ ಹೋಗುತ್ತಿದ್ದರು. ಮಾವ ಕಿಟಕಿಯ ಬಳಿ ಕೂತು ಎದುರಿನ ಖಾಲಿ ಸೈಟಿನಲ್ಲಿ ಮನೆ ಏಳುವುದನ್ನು ನೋಡುತ್ತಿದ್ದರು. ನಾನು ಏನು ಕೇಳಿದರೂ ತಲೆಯಾಡಿಸುವುದೇ ಉತ್ತರ. ಸ್ಪೀಚ್ ಥೆರಪಿಗೆಂದು ಕರೆದುಕೊಂಡು ಹೋದರೆ, ಅಲ್ಲಿನ ಹೆಂಗಸು ತುಂಬ ಪ್ರೀತಿಯಿಂದ ಸೇಬು, ಕೊಡೆ, ನಾಯಿಯ ಚಿತ್ರಗಳನ್ನು ಒಂದೊಂದಾಗಿ ತೋರಿಸಿದಳು. ಮಾವ ಅವಳಿಗೆ ಕೈಮುಗಿದು ಎದ್ದು ಬಂದರು. ಕಾರಿನಲ್ಲಿ ಒಂದೇ ಮಾತು ಅಂದರು: "ನಾಯಿ... ನಾಯಿ ಅನ್ಲಿಕ್ಕೆ ನಾನು ಇಲ್ಲಿಗೆ ಬರ್ಬೇಕಾ?"

ನಮ್ಮ ಮಗಳು ಆಗ ಪ್ರೈಮರಿ ಶಾಲೆಯ ಕೊನೆಯ ವರ್ಷದಲ್ಲಿದ್ದಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ಟೀಚರ್ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು: ಚರಿತ್ರೆಯಲ್ಲಿ ಸೋತವರೊಬ್ಬರನ್ನು ಆರಿಸಿಕೊಳ್ಳಿ, ಅವರು ಗೆದ್ದಿದ್ದರೆ ಏನಾಗುತ್ತಿತ್ತೆಂದು ಬರೆಯಿರಿ. ಇವಳು ಅಜ್ಟೆಕರನ್ನು ಆರಿಸಿಕೊಂಡಿದ್ದಳು. ಮೆಕ್ಸಿಕೋದಲ್ಲಿ ದೊಡ್ಡ ಸರೋವರದ ನಡುವೆ ನಗರ ಕಟ್ಟಿಕೊಂಡಿದ್ದ ಜನ. ಸ್ಪೇನಿನಿಂದ ಬಂದ ಸಣ್ಣದೊಂದು ಸೈನ್ಯ ಅವರ ಸಾಮ್ರಾಜ್ಯವನ್ನೇ ನುಂಗಿತ್ತು.

ಒಂದು ಶನಿವಾರ ಊಟದ ಮೇಜಿನ ತುಂಬ ಲೈಬ್ರರಿ ಪುಸ್ತಕ ಹರಡಿಕೊಂಡು, ತಾನು ಬರೆದದ್ದನ್ನು ಪಕ್ಕದಲ್ಲೇ ಅಡುಗೆ ಮಾಡುತ್ತಿದ್ದ ನನಗೆ ಓದಿ ಹೇಳುತ್ತಿದ್ದಳು. ಅವಳ ಕಥೆಯಲ್ಲಿ ಅಜ್ಟೆಕರು ಸ್ಪೇನಿನವರ ಫಿರಂಗಿಗಳನ್ನು ಕಸಿದುಕೊಂಡು ಅವರ ಮೇಲೆಯೇ ಹಾರಿಸಿ ಗೆಲ್ಲುತ್ತಿದ್ದರು. ನಾನು ಚೆನ್ನಾಗಿದೆ ಪುಟ್ಟಾ ಅಂದೆ. ಕಿಟಕಿಯ ಕಡೆಯಿಂದ ಧ್ವನಿ ಬಂತು.

"ಪ್ರಸಂಗ... ಬದಲಾಯಿಸ್ಲಿಕ್ಕೆ ಇಲ್ಲ."

ತಾಳಮದ್ದಳೆಯವರಿಗೆ ಕಥೆಯೆಂದರೆ ಪ್ರಸಂಗ. ಅದರಲ್ಲಿ ಸೋಲಬೇಕಾದವನು ಸೋಲಲೇಬೇಕು, ಸಾಯಬೇಕಾದವನು ಸಾಯಲೇಬೇಕು. ವಾದದಲ್ಲಿ ಎಷ್ಟು ಬೇಕಾದರೂ ಗೆಲ್ಲಬಹುದು, ಕೊನೆಯನ್ನು ಮುಟ್ಟುವಂತಿಲ್ಲ.

"ಬಟ್ ಅಜ್ಜ, ಅದೇ ಹೋಮ್‌ವರ್ಕ್! ಚೇಂಜ್ ಮಾಡ್ಬೇಕು," ಎಂದಳು ಮಗಳು. ಅಜ್ಜನಿಗಾಗಿ ಅಪರೂಪಕ್ಕೆ ಕನ್ನಡ ಸೇರಿಸಿದ್ದಳು.

ಮಾವ ನಿಧಾನ ಎದ್ದು ಬಂದು ಮೇಜಿನ ಬಳಿ ಕೂತರು. "ಹಾಗೆ ಬದಲಾಯಿಸುದಾದ್ರೆ... ಫಿರಂಗಿಯಿಂದ ಅಲ್ಲ. ಅವ ಯಾಕೆ ಸೋತ? ಅದು... ಹೇಳು ಮೊದ್ಲು."

ಅವಳು ಹೇಳಿದಳು, ನಾನು ನಡುನಡುವೆ ಕನ್ನಡಕ್ಕೆ ತಂದೆ. ಅರಸ ಬಂದವರನ್ನು ಅತಿಥಿಗಳೆಂದು ಊರೊಳಗೆ ಕರೆದುಕೊಂಡ, ಅವರು ಅವನನ್ನೇ ಸೆರೆಹಿಡಿದರು. ಜನ ತಿರುಗಿಬಿದ್ದು ಒಮ್ಮೆ ಅವರನ್ನು ಊರಿನಿಂದ ಓಡಿಸಿದ್ದೂ ಉಂಟು. ಆದರೆ ಸುತ್ತಲಿನ ರಾಜ್ಯದವರು ಸ್ಪೇನಿನವರ ಜೊತೆ ಸೇರಿದರು.

"ನೆರೆಕರೆಯವರು ಯಾಕೆ ಆ ಕಡೆ ಹೋದ್ರು?" ಮಾವ ಕೇಳಿದರು.

ಅಜ್ಟೆಕರು ಅವರಿಂದ ಕಪ್ಪ ಕಿತ್ತುಕೊಳ್ಳುತ್ತಿದ್ದರು, ಅವರ ಜನರನ್ನು ಹಿಡಿದು ತಂದು ಬಲಿಕೊಡುತ್ತಿದ್ದರು ಎಂದಳು.

"ಹಾಗಾದ್ರೆ ನಿನ್ನ ಅರಸ ಏನೂ ತಪ್ಪು ಮಾಡದ ಪಾಪದವ ಅಲ್ಲ," ಅಂದರು ಮಾವ. "ಅವ ಗೆಲ್ಬೇಕಾದ್ರೆ ಮೊದ್ಲು ಹೋಗಿ ಕೈಮುಗೀಬೇಕಾದ್ದು ನೆರೆಯವರಿಗೆ."

ಸ್ಟ್ರೋಕಿನ ನಂತರ ಅವರು ಅಷ್ಟುದ್ದದ ವಾಕ್ಯ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಚಪಾತಿ ಲಟ್ಟಿಸುತ್ತಿದ್ದ ನನ್ನ ಕೈ ನಿಂತಿತು. ತಿರುಗಿ ನೋಡಿದರೆ ಎಲ್ಲಿ ಸುಮ್ಮನಾಗಿಬಿಡುತ್ತಾರೋ ಎಂದು ಹಿಟ್ಟನ್ನೇ ನೋಡುತ್ತ ನಿಂತೆ.

ಆಮೇಲೆ ಪ್ರತಿ ಸಂಜೆ ಶಾಲೆಯಿಂದ ಬಂದ ಕೂಡಲೇ ಅಜ್ಜ ಮೊಮ್ಮಗಳ ಸಭೆ ಸೇರುತ್ತಿತ್ತು. ಆ ನಗರದ ಹೆಸರಿಗೆ ಮಾವನ ನಾಲಿಗೆ ಹೊರಳಲಿಲ್ಲ. ಅದನ್ನು ಅವರು ಜಲಪುರಿ ಎಂದು ಕರೆದರು. ಸ್ಪೇನಿನ ನಾಯಕ ಪರಂಗಿ ದಳಪತಿಯಾದ. ಮಗಳು ಕೋಪದಿಂದ ವಾದಿಸುತ್ತಿದ್ದಳು, ಮಾವ ತಡವರಿಸುತ್ತಲೇ ಅಡ್ಡಪ್ರಶ್ನೆ ಹಾಕುತ್ತಿದ್ದರು. ಶಬ್ದ ಸಿಗದೆ ಅವರು ನಿಂತರೆ ಅವಳು ಕಾಯುತ್ತಿರಲಿಲ್ಲ, ಕರುಣೆಯನ್ನೂ ತೋರಿಸುತ್ತಿರಲಿಲ್ಲ. "ಕಮಾನ್ ಅಜ್ಜ!" ಎಂದು ಮೇಜು ಬಡಿಯುತ್ತಿದ್ದಳು. ನಾವು ದೊಡ್ಡವರು ಅವರನ್ನು ಗಾಜಿನ ಲೋಟದಂತೆ ಹಿಡಿದುಕೊಂಡಿದ್ದೆವು. ಅವಳಿಗೆ ಅವರು ಎದುರಾಳಿ. ಅದಕ್ಕಾಗಿ ನಾನು ಅವಳಿಗೆ ಇವತ್ತಿಗೂ ಋಣಿ.

ಒಂದು ಸಂಜೆ ಮಾತು ಸಿಡುಬಿಗೆ ಬಂತು. ಅಜ್ಟೆಕರು ಪರಂಗಿಗಳನ್ನು ಓಡಿಸಿದ ಮೇಲೆ ಊರಿನಲ್ಲಿ ಸಿಡುಬು ಹಬ್ಬಿತು, ಆ ಜನರಿಗೆ ಅಂಥ ಕಾಯಿಲೆ ಗೊತ್ತೇ ಇರಲಿಲ್ಲ, ಮನೆಮನೆಯಲ್ಲಿ ಸತ್ತರು ಎಂದು ಮಗಳು ಓದಿದಳು. "ಇದಕ್ಕೇನೂ ಮಾಡೋಕಾಗಲ್ಲ ಅಲ್ವಾ? ದೇರ್ ವಾಸ್ ನೋ ವ್ಯಾಕ್ಸೀನ್."

ಮಾವ ಅವಳ ಮುಂದಿದ್ದ ಪುಸ್ತಕವನ್ನು ಮೆಲ್ಲನೆ ಮುಚ್ಚಿದರು. ಆಮೇಲೆ, "ನನ್ನ ಅಕ್ಕ ಅದರಲ್ಲೇ ಹೋದದ್ದು," ಅಂದರು.

ನನ್ನ ಗಂಡ ಆಗಷ್ಟೇ ಕೆಲಸದಿಂದ ಬಂದು ಶೂ ಬಿಚ್ಚುತ್ತಿದ್ದರು. ಅಪ್ಪನಿಗೆ ಒಬ್ಬ ಅಕ್ಕ ಇದ್ದರೆಂಬುದು ಅವರಿಗೂ ಗೊತ್ತಿರಲಿಲ್ಲ.

ಮಾವ ತುಂಡುತುಂಡಾಗಿ ಹೇಳಿದರು. ಅವರು ಚಿಕ್ಕವರಿದ್ದಾಗ ಊರಿಗೆ ಸಿಡುಬು ಬಂತು. ಅಕ್ಕನಿಗೆ ಇನ್ನೂ ಮದುವೆಯಾಗಿರಲಿಲ್ಲ. ಅವಳನ್ನು ಹೊರಗಿನ ಕೋಣೆಯಲ್ಲಿ ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು. ಹಿಂದೊಮ್ಮೆ ಸಿಡುಬು ಬಂದು ಬದುಕಿದ್ದ ನೆರೆಮನೆಯ ಮುದುಕಿಯೊಬ್ಬಳೇ ಒಳಗೆ ಹೋಗಿ ಬಂದು ಮಾಡುತ್ತಿದ್ದಳು. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲವೆಂದು ಎಲ್ಲರಿಗೂ ತಿಳಿದಿತ್ತು. ಮಾವನನ್ನು ಸೋದರಮಾವನ ಮನೆಗೆ ಕಳಿಸಿದರು. ಹೊರಡುವಾಗ ಅಕ್ಕ ಬಾಗಿಲ ಸಂದಿನಿಂದ, ಹತ್ತಿರ ಬರಬೇಡ ಎಂದು ಗದರಿದಳಂತೆ. "ಅಷ್ಟೇ. ಮತ್ತೆ... ನೋಡ್ಲಿಕ್ಕೆ ಸಿಗ್ಲಿಲ್ಲ. ಆದ್ರೆ ಮನೆಯಲ್ಲಿ ಬೇರೆ ಯಾರಿಗೂ ಬರ್ಲಿಲ್ಲ. ಅವಳು ಗದರಿದ್ದಕ್ಕೆ ನಾನು ಉಳಿದದ್ದು."

ಮಗಳು ಅವರ ಕೈ ಹಿಡಿದುಕೊಂಡು ಕೂತಳು. ಆಮೇಲೆ ಕೇಳಿದಳು, "ಹಾಗಾದ್ರೆ ಅರಸನೂ ಹಾಗೇ ಮಾಡ್ಬಹುದಾ?"

ಹೀಗೆ ಜಲಪುರಿಯ ಕಥೆ ಬದಲಾಯಿತು. ಅರಸ ನೆರೆಯವರ ಬಳಿಗೆ ಬರಿಗಾಲಲ್ಲಿ ಹೋಗಿ ತಪ್ಪಾಯಿತೆಂದ. ಕಾಯಿಲೆ ಕಂಡ ಕೂಡಲೇ ನಗರಕ್ಕೆ ಬರುವ ಸೇತುವೆಗಳನ್ನು ಕೀಳಿಸಿದ. ರೋಗಿಗಳನ್ನು ಬೇರೆ ಮಾಡಿ, ಬದುಕಿ ಎದ್ದವರ ಕೈಯಲ್ಲಿ ಆರೈಕೆ ಮಾಡಿಸಿದ. ಪರಂಗಿಗಳು ದಡದಲ್ಲಿ ಕಾದರು. ಜೊತೆಗಾರರು ಬಿಟ್ಟುಹೋಗಿ, ತಿನ್ನಲು ಕೊಡುವವರಿಲ್ಲದೆ, ಹಡಗು ಹತ್ತಿದರು. ಮಗಳು ಅದನ್ನು ಬರೆದು ಕೊಟ್ಟಳು. ಟೀಚರ್ ಅದನ್ನು ಇಡೀ ಕ್ಲಾಸಿಗೆ ಓದಿಸಿದರಂತೆ.

ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ರಜೆಯಲ್ಲಿ ನಾವು ಸಿಡ್ನಿಗೆ ಹೋದೆವು. ಅಲ್ಲಿ ವೆಸ್ಟ್‌ಮೀಡಿನಲ್ಲಿ ಗಂಡನ ಅಕ್ಕ, ಅಂದರೆ ನನ್ನ ಅತ್ತಿಗೆಯ ಮನೆ. ಅತ್ತಿಗೆಯ ಗಂಡ ಎಂಜಿನಿಯರು, ಒಳ್ಳೆಯ ಭಾಗವತರೂ ಹೌದು. ಭಾನುವಾರ ಅವರ ಮನೆಯ ಗ್ಯಾರೇಜಿನಲ್ಲಿ ಕರಾವಳಿಯ ಕೆಲವು ಕುಟುಂಬಗಳು ಸೇರಿ ತಾಳಮದ್ದಳೆ ಇಟ್ಟುಕೊಂಡಿದ್ದವು. ಮಾವನ ಹೆಸರು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಒಂದು ಪಾತ್ರವಾದರೂ ಹೇಳಿ ಎಂದು ಎಲ್ಲರೂ ಕೇಳಿಕೊಂಡರು. ಮಾವ ಬೇಡವೆಂದು ತಲೆಯಾಡಿಸಿದರು.

"ಅಜ್ಜ ಅಜ್ಟೆಕ್ ಕಿಂಗ್ ಮಾಡ್ಲಿ!" ಎಂದಳು ಮಗಳು.

ಎಲ್ಲರೂ ನಕ್ಕರು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರೊಬ್ಬರು, ಪುತ್ತೂರಿನ ಕಡೆಯವರು, ಮಾತ್ರ ನಗಲಿಲ್ಲ. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಕಥೆಯನ್ನು ಪೂರ್ತಿ ಕೇಳಿದರು. ಆಮೇಲೆ ಮಾವನ ಎದುರು ಹೋಗಿ ಕೂತು, "ನಾನು ಪರಂಗಿ ದಳಪತಿ. ನೀವು ಅರಸ. ಆಗ್ಬಹುದಾ?" ಎಂದರು. ಮಾವ ಮೊಮ್ಮಗಳ ಕಡೆ ನೋಡಿದರು. ಹೂಂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಹೆಗಲ ಮೇಲಿನ ಶಾಲು ಸರಿಮಾಡಿಕೊಂಡರು.

ಭಾಗವತರು ಅಲ್ಲೇ ಕೂತು ಪದ್ಯ ಕಟ್ಟಿ ಹಾಡಿದರು. ಡಾಕ್ಟರು ಶುರುಮಾಡಿದರು.

"ಜಲಪುರಿಯ ಅರಸನೇ, ಸಮುದ್ರ ದಾಟಿ ಬಂದ ಅತಿಥಿಯನ್ನು ದಡದಲ್ಲಿ ನಿಲ್ಲಿಸುವುದು ನಿನ್ನ ಕುಲಕ್ಕೆ ಶೋಭೆಯೇ?"

"ಅತಿಥಿಯಾದವನು... ಬಾಗಿಲಲ್ಲಿ ಆಯುಧ ಇಟ್ಟು ಒಳಗೆ ಬರುತ್ತಾನೆ," ಎಂದರು ಮಾವ. "ನೀನು ಬಾಗಿಲನ್ನೇ ಕೊಂಡೊಯ್ಯಲು ಬಂದವನು."

ಗ್ಯಾರೇಜಿನಲ್ಲಿ ಚಪ್ಪಾಳೆ ಬಿತ್ತು. ನನ್ನ ಗಂಡ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ನಿನ್ನ ನೆರೆಯವರೇ ನನ್ನ ಬೆನ್ನಿಗಿದ್ದಾರೆ, ನೋಡು."

"ಇದ್ದರು. ಅವರ ಮಕ್ಕಳನ್ನು ಬಲಿಗೆ ಎಳೆತಂದ ಪಾಪ ನನ್ನದು. ಬರಿಗಾಲಲ್ಲಿ ಹೋಗಿ... ಅವರ ಅಂಗಳದಲ್ಲಿ ಕೂತೆ. ಕ್ಷಮಿಸಿದರೋ ಇಲ್ಲವೋ ತಿಳಿಯದು. ಮಜ್ಜಿಗೆ ಕೊಟ್ಟರು."

ಮತ್ತೆ ನಗು. ಮಗಳು ಮಾತ್ರ ನನ್ನ ಕಿವಿಯಲ್ಲಿ, ಅಜ್ಟೆಕರ ಊರಿನಲ್ಲಿ ಹಸುಗಳೇ ಇರಲಿಲ್ಲ ಎಂದು ಗೊಣಗಿದಳು.

"ಹಾಗಾದರೆ ಸೇತುವೆಗಳನ್ನು ಯಾಕೆ ಕಿತ್ತೆ? ನನಗೆ ಹೆದರಿಯೇ?"

ಮಾವ ಬಾಯಿ ತೆರೆದರು. ಶಬ್ದ ಬರಲಿಲ್ಲ. ಬೆರಳುಗಳು ಮೊಣಕಾಲಿನ ಮೇಲೆ ತಾಳ ಹುಡುಕುವಂತೆ ಆಡಿದವು. ಮುಖ ಕೆಂಪಾಯಿತು. ತಾಳಮದ್ದಳೆಯಲ್ಲಿ ಎದುರಾಳಿ ತಡವರಿಸಿದರೆ ಅದೇ ಸಮಯವೆಂದು ಮೇಲೆ ಬೀಳುವುದು ವಾಡಿಕೆ. ನನ್ನ ಗಂಡ ಅರ್ಧ ಎದ್ದಿದ್ದರು, ಅಪ್ಪನನ್ನು ಕರೆದುಕೊಂಡು ಬರಲು.

ಡಾಕ್ಟರು ಅವಸರ ಮಾಡಲಿಲ್ಲ. ಪಾತ್ರ ಬಿಡದೆ, ತಗ್ಗಿದ ಧ್ವನಿಯಲ್ಲಿ ಹೇಳಿದರು: "ಎಷ್ಟೋ ಊರುಗಳನ್ನು ಗೆದ್ದು ಬಂದೆ, ಅರಸನೇ. ಎಲ್ಲರೂ ಅವಸರದಲ್ಲಿ ಉತ್ತರ ಕೊಟ್ಟು ಸೋತರು. ಯೋಚಿಸಿ ಮಾತಾಡುವವನನ್ನು ಇದೇ ಮೊದಲು ನೋಡುತ್ತಿದ್ದೇನೆ. ನೀನು ಹೇಳುವವರೆಗೆ ನಾನು ಈ ದಡದಲ್ಲೇ ನಿಂತಿರುತ್ತೇನೆ."

ಭಾಗವತರು ಮೆಲ್ಲನೆ ಶ್ರುತಿ ಹಿಡಿದರು, ಮದ್ದಳೆ ಸಣ್ಣಗೆ ನುಡಿಯಿತು. ಅರಸನ ಮೌನ ಪ್ರಸಂಗದಲ್ಲೇ ಇದ್ದದ್ದೆಂಬಂತೆ ಎಲ್ಲರೂ ಕೂತರು.

"ಹೆದರಿ ಅಲ್ಲ," ಎಂದರು ಮಾವ ಕೊನೆಗೆ. "ಒಳಗೆ ಸಿಡುಬು ಉಂಟು. ನನ್ನ ಅಕ್ಕ ಮಲಗಿದ್ದಾಳೆ. ಹತ್ತಿರ ಬರಬೇಡ ಎಂದು ಅವಳೇ ಗದರಿದ್ದು. ಅವಳ ಮಾತು ಕೇಳಿ... ಸೇತುವೆ ಕಿತ್ತೆ. ನನ್ನವರನ್ನು ಉಳಿಸಿಕೊಂಡೆ. ಅವಳು ಎದ್ದು ಹೊರಗೆ ಬಂದ ದಿನ, ನಾನೇ ನನ್ನ ಕೈಯಾರೆ ಸೇತುವೆ ಕಟ್ಟುತ್ತೇನೆ. ಅವಳು ಏಳುತ್ತಾಳೆ, ದಳಪತಿ. ಈ ಪ್ರಸಂಗದಲ್ಲಿ ಅವಳು ಏಳುತ್ತಾಳೆ."

ಡಾಕ್ಟರು ಕೈಜೋಡಿಸಿ, "ಹಾಗಾದರೆ ಇಲ್ಲಿ ನನಗೆ ಕೆಲಸವಿಲ್ಲ," ಎಂದು ದಳಪತಿಯನ್ನು ಹಡಗು ಹತ್ತಿಸಿದರು. ಭಾಗವತರು ಮಂಗಳ ಹಾಡಿದರು. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಅಪ್ಪನಿಗೆ ಅಕ್ಕ ಇದ್ದರಾ ಎಂದು ನನ್ನನ್ನು ಕೇಳಿದರು.

ಊಟ ಬಡಿಸುವಾಗ ನಾನು ಡಾಕ್ಟರಿಗೆ ಕೃತಜ್ಞತೆ ಹೇಳಲು ಹೋದೆ. ಅವರು ತಟ್ಟೆ ಮುಂದೆ ಹಿಡಿದು, "ಎಂತದಕ್ಕೆ ಮಾರಾಯ್ರೆ ಥ್ಯಾಂಕ್ಸ್? ಜನ ಎಚ್ಚರ ಆಗ್ಲಿಕ್ಕೆ ಕಾಯುದೇ ನನ್ನ ಉದ್ಯೋಗ. ಸಾರು ಹಾಕಿ," ಎಂದರು.

ಮಾವನ ಮಾತು ಪೂರ್ತಿ ಮರಳಲಿಲ್ಲ. ಆದರೆ ಉಡುಪಿಗೆ ಹಿಂದಿರುಗಿದ ಮೇಲೆ ಮತ್ತೆ ಕೂಟಗಳಿಗೆ ಹೋದರು, ಕಡಿಮೆ ಮಾತಿನ ಪಾತ್ರಗಳನ್ನು ಕೇಳಿ ಪಡೆದರು. ಹಾಗೆ ಕೆಲವು ವರ್ಷ ಸುಖವಾಗಿ ಕಳೆದರು. ಅವರು ಈಗಿಲ್ಲ.

ನನಗೆ ಹೆಚ್ಚು ನೆನಪಾಗುವುದು ಸಿಡ್ನಿಯಿಂದ ಮರಳಿದ ದಾರಿ. ಗೋಲ್ಬರ್ನಿನಲ್ಲಿ ಕಾಫಿಗೆ ನಿಲ್ಲಿಸಿದೆವು. ಅಲ್ಲಿಂದ ಕಾರು ಹೊರಟದ್ದೇ ಮಾವ ಮುಂದಿನ ಸೀಟಿನಲ್ಲಿ ಕೂತು ಅಕ್ಕನ ಬಗ್ಗೆ ಹೇಳತೊಡಗಿದರು. ಅವಳು ಮರ ಹತ್ತುತ್ತಿದ್ದದ್ದು, ಹಲಸಿನ ಹಪ್ಪಳ ಕದ್ದು ಇವರಿಗೆ ಕೊಡುತ್ತಿದ್ದದ್ದು, ಹೊಳೆಯಲ್ಲಿ ಈಜು ಕಲಿಸಿದ್ದು. ನಡುನಡುವೆ ನಿಂತು, ಶಬ್ದ ಹುಡುಕಿ, ಮತ್ತೆ ಮುಂದುವರಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಮಗಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಕೇಳುತ್ತಿದ್ದಳು. ನನ್ನ ಗಂಡ ರೇಡಿಯೋ ನಿಲ್ಲಿಸಿದರು, ಎಡಗಡೆಯ ಲೇನಿಗೆ ಬಂದು ಕಾರಿನ ವೇಗ ತಗ್ಗಿಸಿದರು. ಲಾರಿಗಳೆಲ್ಲ ನಮ್ಮನ್ನು ದಾಟಿಕೊಂಡು ಹೋದವು.