ಬಣ್ಣ ಒಣಗುವಷ್ಟು ಹೊತ್ತು

ಬಣ್ಣದಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು, ಆದರೆ ಅದನ್ನು ಕೂಗುವವರು ಯಾರೂ ಉಳಿದಿರಲಿಲ್ಲ. ಗಂಡ ವೆಲ್ಡಿಂಗ್ ಕೆಲಸದವನು, ಊರಿಗೆಲ್ಲ ಕಿಡಿಯಣ್ಣ. ಅವನು ಬೆಸೆದದ್ದಕ್ಕೆ ಇವಳು ಬಣ್ಣ ಬಳಿಯುತ್ತಿದ್ದಳು, ಹಾಗಾಗಿ ಬಣ್ಣದಕ್ಕ. ಮೂವತ್ತೊಂದು ವರ್ಷ ಆ ತಗಡಿನ ಶೆಡ್ಡಿನಲ್ಲಿ ಒಂದೇ ಕ್ರಮ. ಬೆಸುಗೆ ಮುಗಿದರೆ ಅವನು ಸುತ್ತಿಗೆಯಿಂದ ಟಣ್ ಟಣ್ ಟಣ್ ಎಂದು ಮೂರು ಏಟು ಹಾಕುತ್ತಿದ್ದ. ಹಿಂದಿನ ಅಡುಗೆಮನೆಯಲ್ಲಿ ಅದನ್ನು ಕೇಳಿದವಳೇ ಇವಳು ಒಲೆ ಸಣ್ಣ ಮಾಡಿ, ಡಬ್ಬಿ, ಬ್ರಷ್ಷು ಹಿಡಿದು ಬರುತ್ತಿದ್ದಳು. ಮೂರು ಏಟು ಬಿತ್ತೆಂದರೆ ಮುಗಿಯಿತು, ಆಮೇಲೆ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಗಿರಾಕಿಯ ಎದುರಿಗೇ "ಇಲ್ಲೊಂದು ತೂತು ಉಳಿದಿದೆ ರೀ" ಎಂದುಬಿಟ್ಟಿದ್ದಳು. ಅವನು ಒಂದು ತಿಂಗಳು ಮಾತು ಬಿಟ್ಟ. ಎಂಥ ಮನುಷ್ಯ ಅಂತೀರಿ! ಕೆಲಸ ಚಿನ್ನ, ಕೋಪ ಮಾತ್ರ ಮೂಗಿನ ತುದಿಯಲ್ಲಿ.

ಈಚೆಗೆ ಅವನ ಕಣ್ಣು ಮಂಜಾಗಿತ್ತು. ಬಾಯಿಬಿಟ್ಟು ಹೇಳುವ ಆಸಾಮಿಯಲ್ಲ. ಆದರೆ ಊಟಕ್ಕೆ ಕೂತಾಗ ನೀರಿನ ಲೋಟಕ್ಕೆ ಕೈ ತಡವುವುದನ್ನು, ಅಳತೆ ಟೇಪನ್ನು ಬಾಗಿಲ ಬೆಳಕಿಗೆ ಹಿಡಿದು ಹಿಡಿದು ನೋಡುವುದನ್ನು ಕಟ್ಟಿಕೊಂಡವಳು ಗಮನಿಸದೆ ಇರುತ್ತಾಳೆಯೇ?

"ಒಂದ್ಸಲ ಡಾಕ್ಟರಿಗೆ ತೋರಿಸೋಣ ರೀ."

"ನನ್ನ ಕಣ್ಣಿಗೇನು ಧಾಡಿ? ಮೊದಲು ನಿನ್ನ ಬಾಯಿ ತೋರಿಸ್ಕೊ ಹೋಗು."

ಹೀಗಿರುವಾಗ ಒಂದು ಮಧ್ಯಾಹ್ನ ಅವನ ತಮ್ಮ ಬಂದ. ಚಿಕ್ಕ ಟ್ರ್ಯಾಕ್ಟರೊಂದನ್ನು ಇಟ್ಟುಕೊಂಡು ಕಟ್ಟಡದವರಿಗೆ ಇಟ್ಟಿಗೆ, ಮರಳು ಸಾಗಿಸುವವನು. ಎರಡು ಗಾಲಿಯ ಟ್ರೇಲರ್ ಕೊಂಡಿದ್ದ. ಅದರ ಮೂತಿ ಸಿಕ್ಕಿಸಲು ಟ್ರ್ಯಾಕ್ಟರಿನ ಹಿಂದೆ ತಕ್ಕ ಜಾಗವಿರಲಿಲ್ಲ. "ಅಣ್ಣ, ನೀನೇ ಮಾಡಿಕೊಡಬೇಕು. ಬೇರೆಯವರ ಕೈಗೆ ನಾನು ಕೊಡಲ್ಲ" ಎಂದ.

ಕಿಡಿಯಣ್ಣ ಅರ್ಧ ಇಂಚು ದಪ್ಪದ ಪ್ಲೇಟು ಕತ್ತರಿಸಿ, ಟ್ರ್ಯಾಕ್ಟರಿಗೆ ಬಿಗಿಯಲು ನಾಲ್ಕು ತೂತು ಕೊರೆದ. ನಟ್ಟನಡುವೆ ಗಟ್ಟಿ ಚೌಕ ಪೈಪೊಂದನ್ನು ನಿಲ್ಲಿಸಿ ಬೆಸೆದ. ಟ್ರೇಲರಿನ ಮೂತಿ ಆ ಪೈಪಿನೊಳಗೆ ಕೂರಬೇಕು, ಅಡ್ಡಕ್ಕೆ ಪಿನ್ನು ಹಾಕಬೇಕು. ಎಳೆಯುವ ಭಾರವೆಲ್ಲ ಆ ಬೆಸುಗೆಯ ಮೇಲೆ. ಟಣ್ ಟಣ್ ಟಣ್ ಎಂದಿತು. ಬಣ್ಣದಕ್ಕ ಬಂದಳು.

ಚೌಕ ಪೈಪಿನ ಎರಡು ಪಕ್ಕ ಬೆಸುಗೆ ಸರಿಯಾಗಿ ಹಿಡಿದಿತ್ತು. ಉಳಿದೆರಡು ಪಕ್ಕ ಮಾತ್ರ ಅದು ಪೈಪು, ಪ್ಲೇಟು ಕೂಡುವ ಸಂದನ್ನೇ ಬಿಟ್ಟು ಒಂದು ಬೆರಳು ಆಚೆ, ಬರಿಯ ಪ್ಲೇಟಿನ ಮೇಲೆ ಸಾಗಿಹೋಗಿತ್ತು. ಸಾಲು ಹೊಲಿಗೆ ಹಾಕಿದಷ್ಟು ನೀಟು. ಸಂದು ಹಾಗೇ ಬಾಯಿ ಬಿಟ್ಟುಕೊಂಡಿತ್ತು.

ಹೇಳಿಬಿಡಲೇ? ತಮ್ಮನ ಎದುರಿಗೆ? ಗಂಡ ಕೈ ಒರೆಸಿಕೊಳ್ಳುತ್ತಾ ತಲೆಯೆತ್ತಿ ನಿಂತಿದ್ದ. ಮೈದುನ ಹೋದಮೇಲೆ ಹೇಳಿದರಾಯಿತು, ನಾಳೆ ಏನಾದರೂ ನೆವ ಹೇಳಿ ವಾಪಸು ತರಿಸಿದರಾಯಿತು ಎಂದುಕೊಂಡು ಅವಳು ಬ್ರಷ್ಷು ಅದ್ದಿದಳು. ಸಂದು ತುಂಬುವಂತೆ ಬಳಿದಳು.

"ಏನತ್ತಿಗೆ, ಪುಗಸಟ್ಟೆ ಬಣ್ಣ ಅಂತ ಡಬ್ಬಿನೇ ಸುರೀತಿದ್ದೀರಾ?" ಎಂದು ಮೈದುನ ನಕ್ಕ. ಅವಳೂ ನಕ್ಕಳು. ಬಣ್ಣ ಒಣಗುವ ತನಕ ಅವನು ಸ್ಟೂಲಿನ ಮೇಲೆ ಕೂತು ಮಗಳ ಶಾಲೆಯ ತರಲೆಗಳನ್ನೆಲ್ಲ ಹೇಳಿದ, ಟೀ ಕುಡಿದ, ಆಮೇಲೆ ಬೋಲ್ಟು ಬಿಗಿದುಕೊಂಡು ಹೊರಟುಹೋದ.

ಅವನ ಬೆನ್ನು ಮರೆಯಾದ ಕೂಡಲೇ ಬಣ್ಣದಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಗಂಡನೇ, "ನೋಡಿದೆಯೇನೇ? ನನ್ನ ಕೈ ಇನ್ನೂ ಹೋಗಿಲ್ಲ!" ಎಂದ. ಎಷ್ಟೋ ತಿಂಗಳಾಗಿತ್ತು ಆ ಮುಖದಲ್ಲಿ ಗೆಲುವು ಕಂಡು. ಅವಳು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ನಾಳೆ ಎಂದದ್ದು ನಾಳಿದ್ದಾಯಿತು, ನಾಳಿದ್ದು ವಾರವಾಯಿತು.

ಒಂಬತ್ತನೆಯ ದಿನ ಸುದ್ದಿ ಬಂತು. ಏರು ಹತ್ತುವಾಗ ಹಿಂದೆ ಏನೋ ಕಿರುಗುಟ್ಟಿತೆಂದು ಮೈದುನ ಟ್ರ್ಯಾಕ್ಟರ್ ನಿಲ್ಲಿಸಿ, ಇಳಿದು ನೋಡಲು ಹೋಗಿದ್ದ. ಪೈಪು ಪ್ಲೇಟಿನಿಂದ ಕಿತ್ತುಬಂದು, ಇಟ್ಟಿಗೆ ತುಂಬಿದ ಟ್ರೇಲರ್ ಹಿಂದಕ್ಕೆ ಜಾರಿ, ಗಾಲಿ ಅವನ ಕಾಲಿನ ಮೇಲೆಯೇ ಹರಿಯಿತು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಹಾಕಿದರು.

"ನಾನೇ ಭಾರ ಜಾಸ್ತಿ ಹೇರಿದ್ದೆ" ಎಂದ ಮೈದುನ, ಆಸ್ಪತ್ರೆಯ ಮಂಚದಲ್ಲಿ. "ಅಣ್ಣನ ಕೆಲಸಕ್ಕೆ ಯಾರೂ ಬೆರಳು ತೋರಿಸಬೇಡಿ."

ಮುರಿದ ಪ್ಲೇಟು ಶೆಡ್ಡಿಗೆ ವಾಪಸು ಬಂತು. ಕಿಡಿಯಣ್ಣ ಹೆಬ್ಬೆರಳಿನಿಂದ ಅದನ್ನು ಸವರಿದ, ಬೆಸುಗೆಯ ಸಾಲು ಎಲ್ಲಿದೆ, ಪೈಪಿನ ಗುರುತು ಎಲ್ಲಿದೆ ಎಂದು. ಗೊತ್ತಾಯಿತು. ಗುಜರಿ ರಾಶಿಯ ಅಡಿಗೆ ತುರುಕಿದ. ಕೇಳಿದವರಿಗೆ "ಭಾರ ಜಾಸ್ತಿಯಾಯ್ತು" ಎಂದ. ಬಣ್ಣದಕ್ಕನಿಗೆ ಅವನ ಮೇಲೆ ಹೇಸಿಗೆ ಬಂತು. ಆದರೆ ತಾನೇನು ಸಾಚಾ?

ಮೂರು ತಿಂಗಳ ಮೇಲೆ ಮೈದುನ ಊರುಗೋಲು ಊರಿಕೊಂಡು ಬಂದ. ಕಂಕುಳಲ್ಲಿ ಒಂದು ಕಬ್ಬಿಣದ ಕಂಬಿ.

"ಅಣ್ಣ, ಕ್ಲಚ್ಚನ್ನ ಕೈಯಲ್ಲೇ ಒತ್ತೋ ಹಾಗೆ ಇದನ್ನ ಬೆಸೆದು ಕೊಡು. ನೀನೇ ಮಾಡಬೇಕು."

ಕಿಡಿಯಣ್ಣ ಕಂಬಿ ತೆಗೆದುಕೊಂಡ. ಮುಖಕ್ಕೆ ಕರಿ ಗಾಜಿನ ಮುಸುಕು ಹಾಕಿಕೊಂಡು, ಕಂಬಿಯ ತುದಿಯನ್ನು ಬೆರಳಿನಿಂದ ಹುಡುಕತೊಡಗಿದ. ಇವನು ಮಾಡಿಯೇಬಿಡುತ್ತಾನೆ! ಬಣ್ಣದಕ್ಕ ಏಟು ಬೀಳುವ ಮೊದಲೇ ಶೆಡ್ಡಿಗೆ ಬಂದಳು. ಕೈಯಲ್ಲಿ ಡಬ್ಬಿ ಇರಲಿಲ್ಲ.

"ಕೊಡಬೇಡಪ್ಪ ಇವರಿಗೆ. ಕಣ್ಣು ಕಾಣಲ್ಲ ಇವರಿಗೆ. ಅವತ್ತು ಬೆಸುಗೆ ಸಂದಿಗೆ ಬಿದ್ದೇ ಇರಲಿಲ್ಲ. ನಾನು ನೋಡಿದ್ದೆ. ನೋಡಿಯೂ ಬಣ್ಣ ಬಳಿದೆ."

ಕಿಡಿಯಣ್ಣ ಮುಸುಕು ಎತ್ತಲಿಲ್ಲ. ಮೈದುನ ಅಣ್ಣನ ಕೈಯಿಂದ ಕಂಬಿಯನ್ನು ಮೆಲ್ಲಗೆ ಬಿಡಿಸಿಕೊಂಡ. ಬಾಗಿಲ ತನಕ ಹೋಗಿ ತಿರುಗಿದ.

"ಬಣ್ಣ ಒಣಗೋಕೆ ಅವತ್ತು ಎಷ್ಟು ಹೊತ್ತು ಹಿಡೀತು ಅತ್ತಿಗೆ?"

"ಒಂದು ಗಂಟೆ."

"ಎರಡು ಲೋಟ ಟೀ ಕೊಟ್ರಿ ನೀವು ನಂಗೆ" ಎಂದು ಹೇಳಿ ಅವನು ಹೊರಟ.