ಸೋದರಮಾವನ ಹಲ್ಲು

ಹುಮನಾಬಾದಿನಲ್ಲಿ ಹಲ್ಲು ಕೀಳುವ ಅಜೀಮುದ್ದೀನನ ಹೆಸರು ಎಲ್ಲರಿಗೂ ಗೊತ್ತಿತ್ತು. ಇಕ್ಕಳ ಕುದಿಸುವ, ಹೆಂಗಸರ ತಲೆ ಹಿಡಿಯುವ, ರಕ್ತದ ಅರಿವೆ ಒಗೆಯುವ ಅವನ ಹೆಂಡತಿ ಸರ್ವರಿಯ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಯಾರ ಬಾಯಿ ಎಷ್ಟು ಅರಿವೆ ತೋಯಿಸಿತೆಂದು ಸರ್ವರಿಗೆ ನೆನಪಿರುತ್ತಿತ್ತು. ಒಬ್ಬರಿಗೆ ಒಂದೇ ಸಾಕು, ಇನ್ನೊಬ್ಬರಿಗೆ ನಾಲ್ಕು ಯಾಕೆ? ಬಾವಿಕಟ್ಟೆಯಲ್ಲಿ ಅರಿವೆ ಉಜ್ಜುತ್ತ ಅವಳು ಇದನ್ನೇ ಯೋಚಿಸುತ್ತಿದ್ದಳು.

1950ರ ಬೇಸಿಗೆಯ ಒಂದು ಬೆಳಿಗ್ಗೆ ದುಬಲಗುಂಡಿಯ ಮಾರುತಿ ಊದಿದ ದವಡೆ ಹಿಡಿದುಕೊಂಡು ಬಂದ. ಜೊತೆಗೆ ತಾಯಿ ರುಕ್ಮಿಣಿಬಾಯಿ. ಅಜೀಮುದ್ದೀನ ರೂಢಿಯಂತೆ ತಂದೆಯ ಹೆಸರು, ಮನೆತನ ಕೇಳಿದ.

"ನಿಮ್ಮಪ್ಪಂದು ಎರಡು ಹಲ್ಲು ಕಿತ್ತೇನಿ. ರಕ್ತ ಕೂಡಲೇ ನಿಂತಿತ್ತು. ಗಟ್ಟಿ ಮನಿತನ. ಕೂಡು."

ಒಳಗೆ ಒಲೆಯ ಬಳಿ ಕುಳಿತ ರುಕ್ಮಿಣಿಬಾಯಿ ಸರ್ವರಿಗೆ ಹೇಳಿದಳು: "ಮಗಾ ಅಪ್ಪನ್ಹಾಂಗಿಲ್ಲ ಬೀಬಿ. ಎಲ್ಲಾ ಸ್ವಾದರಮಾವನ್ಹಾಂಗ. ಕಲ್ಯಾಣಿಯ ಕಾಶಿರಾಮ ನಮ್ಮಣ್ಣ."

ಬಸವಕಲ್ಯಾಣಕ್ಕೆ ಆಗ ಕಲ್ಯಾಣಿ ಎಂದೇ ಹೆಸರು. ಊದುಗೊಳವೆ ಸರ್ವರಿಯ ಕೈಯಲ್ಲೇ ನಿಂತಿತು. ಮೂರು ವರ್ಷದ ಹಿಂದೆ ಕಾಶಿರಾಮನ ಒಂದೇ ಹಲ್ಲಿಗೆ ಅವಳು ಹದಿನಾಲ್ಕು ಅರಿವೆ ಒಗೆದಿದ್ದಳು. ನಿಂತ ರಕ್ತ ಸಂಜೆಗೆ ಮತ್ತೆ ಜಿನುಗುತ್ತಿತ್ತು. ನಾಲ್ಕು ದಿನ ಅವನು ಸರ್ವರಿಯ ಮನೆಯ ಪಡಸಾಲೆಯಲ್ಲೇ ಮಲಗಿದ್ದ. ಬಾತ ಮೊಣಕಾಲು ಮಡಿಸಲು ಬರುತ್ತಿರಲಿಲ್ಲ. ಬದುಕಿದ್ದೇ ಹೆಚ್ಚು.

"ಮಾರುತಿಗೂ ಮೊಣಕಾಲು ಬಾಯ್ತಾವೇನ್ರಿ?"

"ಸಣ್ಣಾಂವಿದ್ದಾಗಿಂದ. ನಿನಗ್ಯಾರು ಹೇಳಿದ್ರು?"

"ನಿಮ್ಮವ್ವನ ಅಣ್ಣತಮ್ಮರು ಹ್ಯಾಂಗಿದ್ರು?"

"ಒಬ್ಬಾಂವ ಇದ್ದ. ಕುಡಗೋಲು ತಾಗಿ, ರಕ್ತ ನಿಲ್ಲದ ಹೋದ."

ಹೊರಗಿನಿಂದ ಅಜೀಮುದ್ದೀನ ಇಕ್ಕಳ ಕೇಳಿದ. ಸರ್ವರಿ ಕುದಿಯುವ ಪಾತ್ರೆಗೆ ಮುಚ್ಚಳ ಹಾಕಿ ಬಾಗಿಲಿಗೆ ಬಂದಳು.

"ಕೊಡಂಗಿಲ್ರಿ. ಇಂವ ಕಲ್ಯಾಣಿ ಕಾಶಿರಾಮನ ತಂಗಿ ಮಗ."

"ಆ ಮನಿತನ ಬ್ಯಾರೆ, ಈ ಮನಿತನ ಬ್ಯಾರೆ. ನೀ ಯಾವಾಗ ಹಕೀಮ ಆದಿ?"

"ಅರಿವಿ ಒಗದ ಒಗದ ಆದೆ. ಕೀಳೂದಿದ್ರ ಕೀಳ್ರಿ. ಈ ಸಲ ಹದಿನಾಲ್ಕೂ ನೀವೇ ಒಗೀರಿ."

ಮಾರುತಿ ನೋವಿನಲ್ಲೂ ನಕ್ಕ. ಅಜೀಮುದ್ದೀನನಿಗೆ ಕಾಶಿರಾಮನ ಬಿಳಚಿದ ಮುಖ ನೆನಪಾಗಿರಬೇಕು. ಲವಂಗದ ಎಣ್ಣೆಯ ಹತ್ತಿ ಇಟ್ಟು, ಹೈದರಾಬಾದಿನ ದೊಡ್ಡ ದವಾಖಾನೆಗೆ ಹೋಗಲು ಹೇಳಿದ.

ತಿಂಗಳಾದ ಮೇಲೆ ರುಕ್ಮಿಣಿಬಾಯಿ ಮತ್ತೆ ಬಂದಳು. ಡಾಕ್ಟರು ಮೊದಲು ಕೇಳಿದ್ದೇ ತಾಯಿಯ ಅಣ್ಣತಮ್ಮಂದಿರ ವಿಷಯವಂತೆ. ಬೇರೆಯವರ ರಕ್ತ ಏರಿಸಿ, ಹಲ್ಲು ತೆಗೆದು, ಎಂಟು ದಿನ ಇಟ್ಟುಕೊಂಡು ಕಳಿಸಿದರಂತೆ. ಮಾರುತಿ ಈಗ ರೊಟ್ಟಿ ತಿನ್ನುತ್ತಿದ್ದ.

"ಮತ್ತ ನಿಮಗ್ಯಾಕ ಏನೂ ಆಗಲಿಲ್ಲ?" ಸರ್ವರಿ ಕೇಳಿದಳು.

"ತಾಯಿ ಹೊರತಾಳ, ಮಗ ಅನುಭವಸ್ತಾನ ಅಂದ್ರು."

"ಇದನ್ನೂ ನಮಗೇ ಹೊರಸ್ಯಾರೇನು?"

ಇಬ್ಬರೂ ನಗುತ್ತಿರುವಾಗ ಹೊರಗೆ ಯಾರೋ ಕಟ್ಟೆಯ ಮೇಲೆ ಬಂದು ಕುಳಿತರು. ಅಜೀಮುದ್ದೀನ ತಂದೆಯ ಹೆಸರು ಕೇಳಿದ. ಮನೆತನ ಕೇಳಿದ. ಕೆಮ್ಮಿ, ಮತ್ತೊಂದು ಕೇಳಿದ:

"ನಿಮ್ಮ ಸ್ವಾದರಮಾವ ಯಾರ್ರಿ?"

ಆಮೇಲೆಯೇ ಸರ್ವರಿ ಇಕ್ಕಳದ ಪಾತ್ರೆಯ ಮುಚ್ಚಳ ತೆಗೆದಳು.