ಮೆಚೂರ್ ಆಗದ ಜೇನು

ಹುಳಿ ಹಿಡಿದ ಜೇನಿನ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಈಗಲೂ ಎಲ್ಲಿಯಾದರೂ ಅದು ಮೂಗಿಗೆ ತಾಗಿದರೆ ಹೊಸನಗರದ ಕಡೆಯ ನಮ್ಮ ಹಳೆಯ ಮನೆ, ಹಿತ್ತಿಲಿನ ನಾಲ್ಕು ಜೇನುಪೆಟ್ಟಿಗೆ, ಗೌರತ್ತೆ ಎಲ್ಲ ಎದುರು ಬಂದು ನಿಲ್ಲುತ್ತಾರೆ. ಗೌರತ್ತೆ ಅಪ್ಪಯ್ಯನ ಅಕ್ಕ. ಎಳವೆಯಲ್ಲೇ ಗಂಡನನ್ನು ಕಳೆದುಕೊಂಡು ಬಂದವಳು. ಆ ಮನೆಯಲ್ಲಿ ತನ್ನದು ಎನ್ನಲು ಅವಳಿಗಿದ್ದದ್ದು ಆ ಪೆಟ್ಟಿಗೆಗಳು ಮಾತ್ರ. ಜೇನು ಕೊಳ್ಳುವ ಸೊಸೈಟಿಯವರು ಅವಳಿಗೊಂದು ಇಂಗ್ಲಿಷ್ ಪದ ಕಲಿಸಿದ್ದರು: ಮೆಚೂರ್. ಹುಳುಗಳು ರೆಕ್ಕೆ ಬೀಸಿ ನೀರು ಆರಿಸಿ, ಮೇಣದ ಮುಚ್ಚಳ ಹಾಕಿದ ಮೇಲೆಯೇ ಜೇನು ಮೆಚೂರ್. ಮೊದಲೇ ತೆಗೆದರೆ ಕೆಡುತ್ತದೆ. ಹೈಸ್ಕೂಲಿನಲ್ಲಿದ್ದ ನಾನು, ಅದರರ್ಥ ಪೂರ್ತಿ ಬೆಳೆದದ್ದು ಎಂದು ಹೇಳಿಕೊಟ್ಟೆ. ಅಂದಿನಿಂದ ಹಲಸಿನಕಾಯಿ ತಟ್ಟಿದರೂ "ಇನ್ನೂ ಮೆಚೂರ್ ಆಗ್ಲಿಲ್ಲ" ಎನ್ನುವಳು. ನನ್ನನ್ನು ನೋಡಿ, "ಇವನೊಬ್ಬ ಯಾವಾಗ ಆಗ್ತನೋ" ಎಂದು ನಗುವಳು.

ಆ ಬೇಸಿಗೆ ಅವಳಿಗೆ ಜ್ವರ. ಜೇನಿನ ಡಬ್ಬಿ ಸೊಸೈಟಿಗೆ ಹೋಗಲು ಎರಡೇ ದಿನವಿತ್ತು. "ಮುಚ್ಚಳ ಬಿದ್ದ ಚೌಕಟ್ಟು ಮಾತ್ರ ತೆಗಿಯಾ" ಎಂದು ನನ್ನನ್ನು ಕಳಿಸಿದಳು. ಪೆಟ್ಟಿಗೆ ತೆರೆದರೆ ಜೇನುತಟ್ಟಿ ಕಟ್ಟಿದ ನಡುವಿನ ಚೌಕಟ್ಟುಗಳ ಮೇಲೆ ಹುಳುಗಳು ಕರ್ರಗೆ ಕುದಿಯುತ್ತಿದ್ದವು. ಒಂದು ಹುಬ್ಬಿಗೆ ಕಚ್ಚಿತು. ಹೆದರಿ, ಹುಳು ಕಡಿಮೆಯಿದ್ದ ಅಂಚಿನವನ್ನೇ ಎತ್ತಿಕೊಂಡು ಓಡಿದೆ. ಮುಚ್ಚಳವಿರಲಿಲ್ಲ; ಓರೆ ಮಾಡಿದರೆ ಜೇನು ನೀರಿನಂತೆ ತೊಟ್ಟಿಕ್ಕುತ್ತಿತ್ತು. ಗೊತ್ತಿದ್ದೂ ಜೇನು ತೆಗೆಯುವ ಯಂತ್ರದಲ್ಲಿ ತಿರುಗಿಸಿ, ಅವಳು ಮೊದಲೇ ತೆಗೆದಿಟ್ಟಿದ್ದ ಒಳ್ಳೆಯ ಜೇನಿಗೇ ಸುರಿದೆ.

"ಮುಚ್ಚಳ ಬಿದ್ದಿತ್ತನಾ?" ಮಲಗಿದಲ್ಲಿಂದಲೇ ಕೇಳಿದಳು.

"ಪೂರ್ತಿ ಮೆಚೂರ್, ಅತ್ತೆ."

ತಿಂಗಳಲ್ಲಿ ಡಬ್ಬಿ ವಾಪಸು ಬಂತು, ಉಬ್ಬಿಕೊಂಡು, ಬಾಯಲ್ಲಿ ನೊರೆ. ಇನ್ನು ಈ ಮನೆಯ ಜೇನು ಬೇಡವೆಂದು ಹೇಳಿಕಳಿಸಿದ್ದರು. "ಯಾರು ತೆಗ್ದಿದ್ದು ಇದನ್ನ?" ಅಪ್ಪಯ್ಯ ಗುಡುಗಿದರು. ಅತ್ತೆ ನನ್ನನ್ನೇ ನೋಡಿದಳು. ಕಾದಳು. ನಾನು ಡಬ್ಬಿಯ ನೊರೆಯನ್ನೇ ನೋಡುತ್ತ ನಿಂತೆ. "ನಾನೇ. ಜ್ವರದ ಕಣ್ಣು, ಕಾಣ್ಲಿಲ್ಲ ಮಾರಾಯ" ಎಂದಳು. ಅಪ್ಪಯ್ಯ ಪೆಟ್ಟಿಗೆಗಳನ್ನು ಮೇಳಿಗೆ ಊರಿನವರೊಬ್ಬರಿಗೆ ಕೊಟ್ಟುಬಿಟ್ಟರು. ಅವು ಹೋದ ಮೇಲೆ ಅವಳಿಗೆ ಆ ಮನೆಯಲ್ಲಿ ಮನಸ್ಸು ನಿಲ್ಲಲಿಲ್ಲ. ತುಮರಿಯ ತಂಗಿಯ ಮನೆಗೆ ಹೊರಟುಹೋದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ನನಗೆ ನಲವತ್ತು ದಾಟಿದ ಮೇಲೆ ಒಮ್ಮೆ ಹಿನ್ನೀರು ದಾಟುವ ಲಾಂಚ್ ಹತ್ತಿ ತುಮರಿಗೆ ಹೋದೆ; ಹೇಳಬೇಕೆಂದೇ ಹೋದೆ. ಕಣ್ಣು ಕಾಣದಾಗಿದ್ದ ಅವಳು ದನಿಯಿಂದಲೇ ಗುರುತು ಹಿಡಿದು, ಪಕ್ಕದಲ್ಲಿ ಕೂರಿಸಿಕೊಂಡು ಬೆನ್ನು ಸವರಿದಳು. "ಅತ್ತೆ" ಎಂದು ಶುರು ಮಾಡಿದೆ. "ಎಂತದಾ?" ಎಂದಳು. "ಎಂತ ಇಲ್ಲ" ಎಂದೆ. "ಹಂಗಾರೆ ಊಟ ಮಾಡ್ಕಂಡು ಹೋಗು" ಎಂದಳು. ಉಂಡೆ. ಬಂದೆ. ಆಮೇಲೆ ಅವಳನ್ನು ನೋಡಲಿಲ್ಲ.